ರೆಕಾರ್ಡರ್ ಮಾರುವವರೇ, ಜೋಡಿಸೋದನ್ನೂ ಹೇಳಿಕೊಡ್ರಿ

ಟಿವಿಯಲ್ಲಿ ಬರೋದನ್ನ ತುಂಬಿಟ್ಟುಕೊಂಡು ಡಿವಿಡಿಗೂ ಇಳಿಸೋ, ಹಾರ್ಡ್ ಡಿಸ್ಕ್ ಇರೋ ಡಿವಿಡಿ ರೆಕಾರ್ಡರ್ ಕೇಳಿದರೆ ರಾಯಚೂರಿನ ಅಂಗಡಿಯವರು ಮುಂದೆ ತಂದಿಟ್ಟಿದ್ದು ಬರೀ ಪ್ಲೇಯರ್. "ಎಲ್ಲಾ ಒಂದೇ ರೀ ಸರ್, ತಗೊಳ್ರಿ" ಅಂದರು. ಒಂದೇ ಹೇಗಾಗುತ್ತೆ? ಪ್ಲೇಯರ್‌ನಲ್ಲಿ ರೆಕಾರ್ಡ್ ಮಾಡೋಕೆ ಬರೋದೇ ಇಲ್ಲ.

ಹಟ ಹಿಡಿದು ರೆಕಾರ್ಡರನ್ನೇ ತರಿಸಿದೆ. ಡಬ್ಬಿಯಲ್ಲಿ ಹಳದಿ-ಬಿಳಿ-ಕೆಂಪು ವೈರು ಒಂದೇ ಜೊತೆ. ಬೇಕಾಗೋದು ಎರಡು: ಸೆಟ್‌ಟಾಪ್ ಬಾಕ್ಸಿನಿಂದ ರೆಕಾರ್ಡರಿನ 'ಇನ್'ಗೆ ಒಂದು, ಅದರ 'ಔಟ್'ನಿಂದ ಟಿವಿಗೆ ಇನ್ನೊಂದು. ಎಚ್‌ಡಿಎಂಐ ತೂತು ಇದೆ, ಆದರೆ ಅದು ಟಿವಿಗೆ ಚಿತ್ರ ಕಳಿಸೋಕೆ ಮಾತ್ರ.

ಹೊಟ್ಟೆ ಉರಿಸಿದ್ದು ಟೈಮರ್. ಅವ್ವನಿಗೆ ಚಂದನದಲ್ಲಿ ಬರೋ ದಾಸರ ಪದ ಬೇಕು. ಮಾನ್ವಿ ಕಡೆಯವಳು, ಜಗನ್ನಾಥದಾಸರು ಅಂದರೆ ಪ್ರಾಣ. ಟೈಮರಿನಲ್ಲಿ ನಾನಿಟ್ಟ ಹೊತ್ತಿಗೆ ರೆಕಾರ್ಡರ್ ಸರಿಯಾಗಿ ಶುರುವಾಯಿತು, ಕೆಂಪು ದೀಪವೂ ಹತ್ತಿತು. ಆದರೆ ಬಾಕ್ಸಿನ ಚಾನೆಲ್ ಬದಲಿಸೋದು ಅದರ ಕೈಲಾಗಲ್ಲ. ಬಾಕ್ಸಿನಲ್ಲಿ ಏನು ಓಡುತ್ತಿತ್ತೋ ಅದನ್ನೇ ತುಂಬಿಕೊಂಡಿತು. ಪೂರಾ ಧಾರಾವಾಹಿ! "ಹಾಡು ಎಲ್ಲೈತಪ್ಪ?" ಅಂತ ಅವ್ವ ಕೇಳಿದಾಗ ಸಂಕಟವಾಯಿತು. ಚಂದನ ರೆಕಾರ್ಡ್ ಆಗಬೇಕಂದರೆ ಬಾಕ್ಸನ್ನ ಚಂದನಕ್ಕೇ ಇಟ್ಟಿರಬೇಕು, ಮುಗಿಯೋ ತನಕ ಯಾರೂ ರಿಮೋಟ್ ಮುಟ್ಟೋ ಹಾಗಿಲ್ಲ.

ಇನ್ನು ಡಿವಿಡಿ ಡಿಸ್ಕಿಗೆ ಇಳಿಸಿದ ಮೇಲೆ 'ಫೈನಲೈಸ್' (ಬೇರೆ ಪ್ಲೇಯರ್‌ಗಳೂ ಓದೋ ಹಾಗೆ ಡಿಸ್ಕನ್ನ ಕೊನೆಗೊಮ್ಮೆ ಸಿದ್ಧ ಮಾಡೋದು) ಮಾಡದಿದ್ದರೆ ಅಕ್ಕನ ಮನೆ ಪ್ಲೇಯರ್‌ನಲ್ಲಿ ಓಡಲ್ಲ. ಅದು ನಡೆಯುವಾಗ ಕರೆಂಟ್ ಹೋದರೆ ಡಿಸ್ಕೇ ಕೆಡಬಹುದು. ಶಕ್ತಿನಗರದಲ್ಲಿ ವಿದ್ಯುತ್ ಸ್ಥಾವರ ಇಟ್ಟುಕೊಂಡ ಜಿಲ್ಲೆಯವರಿಗೂ ಈ ಭಯ ತಪ್ಪಿಲ್ಲ.

ಇಷ್ಟನ್ನ ಕನ್ನಡದಲ್ಲಿ ಒಂದು ಹಾಳೆಗೆ ಅಚ್ಚು ಹಾಕಿ ಡಬ್ಬಿಯಲ್ಲಿಟ್ಟರೆ ಕಂಪನಿಯವರ ಗಂಟೇನು ಹೋಗುತ್ತೆ?