ರೇಸ್ ಬಿಟ್ಟ ಮೇಲಿನ ಕ್ರಿಸ್ ಬೋರ್ಡ್‌ಮನ್

ಬ್ರಿಟನ್ನಿನ ಕ್ರಿಸ್ ಬೋರ್ಡ್‌ಮನ್ ಅಂದರೆ ಸೈಕ್ಲಿಂಗ್ ಬಲ್ಲವರಿಗೆ ತಟ್ಟನೆ ನೆನಪಾಗುವುದು 1992ರ ಬಾರ್ಸಿಲೋನಾ ಒಲಿಂಪಿಕ್ಸ್, ಲೋಟಸ್ ಕಾರು ಕಂಪನಿಯ ಆ ಕಪ್ಪು ಸೈಕಲ್, ಚಿನ್ನದ ಪದಕ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ರೇಸ್ ಬಿಟ್ಟ ಮೇಲೆ ಅವರು ಮಾಡಿದ ಕೆಲಸ.

ರೇಸ್ ಬಿಟ್ಟದ್ದೂ ಸುಖದಿಂದಲ್ಲ. ಮೂವತ್ತರ ಆಸುಪಾಸಿನಲ್ಲೇ ಮೂಳೆ ಸವೆಯುವ ಕಾಯಿಲೆ. ಅದಕ್ಕೆ ಬೇಕಿದ್ದ ಹಾರ್ಮೋನ್ ಚಿಕಿತ್ಸೆ ರೇಸಿನಲ್ಲಿ ನಿಷಿದ್ಧ. ಚಿಕಿತ್ಸೆ ಮುಂದೂಡುತ್ತಲೇ ಬಂದು, 2000ದ ಅಕ್ಟೋಬರಿನಲ್ಲಿ ಮ್ಯಾಂಚೆಸ್ಟರ್ ವೆಲೊಡ್ರೋಮಿನಲ್ಲಿ ಕೊನೆಯ ಸಲ ಟ್ರ್ಯಾಕಿಗಿಳಿದರು. ಒಂದು ಗಂಟೆಯಲ್ಲಿ ಎಷ್ಟು ದೂರ ಎನ್ನುವ ದಾಖಲೆಗೆ ಬೆಲ್ಜಿಯಂನ ದಿಗ್ಗಜ ಸೈಕ್ಲಿಸ್ಟ್ ಎಡ್ಡಿ ಮರ್ಕ್ಸ್ 1972ರಲ್ಲಿ ತುಳಿದಂಥದೇ ಸಾದಾ ಸೈಕಲ್: ದುಂಡು ಪೈಪಿನ ಫ್ರೇಮ್, ಕಡ್ಡಿಯ ಚಕ್ರ, ಬಾಗಿದ ಹ್ಯಾಂಡಲ್. ಒಂದು ಗಂಟೆಯಲ್ಲಿ 49.441 ಕಿ.ಮೀ. ಮರ್ಕ್ಸ್ ದಾಖಲೆಗಿಂತ ಬರೀ 10 ಮೀಟರ್ ಹೆಚ್ಚು! ಆಗ ವಯಸ್ಸು 32.

ಆಮೇಲೆ ತಮ್ಮದೇ ಹೆಸರಿನ ಸೈಕಲ್ ಕಂಪನಿ, ಟಿವಿ ಕಾಮೆಂಟರಿ ಎಲ್ಲ ಆಯಿತು. ಅಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮನೆಯ ಬಟ್ಟೆಯಲ್ಲೇ ಪೇಟೆಗೆ ಸೈಕಲ್ಲಿನಲ್ಲಿ ಹೋಗುವವರ ಪರ ಅವರು ವಾದಿಸತೊಡಗಿದರು. 2014ರಲ್ಲಿ ಬಿಬಿಸಿಯಲ್ಲಿ ಹೆಲ್ಮೆಟ್ ಇಲ್ಲದೆ ಸೈಕಲ್ ತುಳಿದಾಗ ದೊಡ್ಡ ಗಲಾಟೆಯೇ ಆಯಿತು. ಸವಾರರನ್ನು ಕಾಪಾಡುವುದು ಮೊದಲಿಗೆ ಒಳ್ಳೆಯ ರಸ್ತೆ, ಹೆಲ್ಮೆಟ್ಟಿನ ಮಾತು ಆಮೇಲೆ ಎನ್ನುವುದು ಅವರ ನಿಲುವು. ಹೆಲ್ಮೆಟ್ ಹಾಕಿಯೇ ಹೊರಡುವ ನನಗೂ ಅದು ಸರಿ ಅನ್ನಿಸುತ್ತದೆ.

2016ರಲ್ಲಿ ಅವರ ತಾಯಿ ಕ್ಯಾರಲ್, 75 ವರ್ಷದವರು, ವೇಲ್ಸಿನ ಕಾನಾಸ್ ಕೀ ಊರಿನಲ್ಲಿ ಸೈಕಲ್ ತುಳಿಯುತ್ತಿದ್ದಾಗ ಪಿಕಪ್ ವಾಹನ ಬಡಿದು ತೀರಿಕೊಂಡರು. ಮರುವರ್ಷವೇ ಮಗ ಗ್ರೇಟರ್ ಮ್ಯಾಂಚೆಸ್ಟರಿನ ಮೊದಲ ನಡಿಗೆ-ಸೈಕಲ್ ಆಯುಕ್ತರಾದರು. ಅಲ್ಲಿ ಅವರಿಟ್ಟ ಅಳತೆ ನನಗೆ ಬಹಳ ಹಿಡಿಸಿತು: ಸೈಕಲ್ ದಾರಿ 12 ವರ್ಷದ ಮಗು ಒಂಟಿಯಾಗಿ ಬಳಸುವಂತಿರಬೇಕು, ಫುಟ್‌ಪಾತಿನಲ್ಲಿ ಅವಳಿ ಮಕ್ಕಳ ತಳ್ಳುಗಾಡಿ ಸಲೀಸಾಗಿ ಹೋಗಬೇಕು. 2022ರಿಂದ ಇಡೀ ಇಂಗ್ಲೆಂಡಿಗೆ ಇದೇ ಕೆಲಸದ ಹೊಣೆ ಹೊತ್ತರು.

ನಮ್ಮ ವಿಜಯಪುರ, ಬಾಗಲಕೋಟೆ ಕಡೆಯಿಂದ ರಾಷ್ಟ್ರಮಟ್ಟದ ಸೈಕ್ಲಿಸ್ಟ್‌ಗಳು ಎಷ್ಟು ಜನ ಬಂದಿಲ್ಲ! ಪದಕ ಬಂದಾಗ ಶಾಲು ಹೊದಿಸುತ್ತೇವೆ, ರೇಸ್ ಮುಗಿದ ಮೇಲೆ ಮರೆಯುತ್ತೇವೆ. ಬೆಂಗಳೂರಿನಲ್ಲಿ ಸೈಕಲ್ ಟ್ರ್ಯಾಕ್ ಮಾಡಿ ಅದರ ಮೇಲೇ ಕಾರು ನಿಲ್ಲಿಸುತ್ತೇವೆ. ಮುಂದಿನ ಸಲ ಯಾವುದೇ ಊರಿನ ರಸ್ತೆಯ ನಕ್ಷೆ ಬಿಡಿಸುವಾಗ ನಿವೃತ್ತ ಸೈಕ್ಲಿಸ್ಟ್ ಒಬ್ಬರನ್ನು ಕರೆದು ಕೂರಿಸಿ, ಸಂಬಳ ಕೊಟ್ಟೇ ಕೂರಿಸಿ.