ಮೂವತ್ತು ಕೆಜಿ ಮರಿ, ಹದಿನಾಲ್ಕು ಕೆಜಿ ಬಾಡು

ಯುಗಾದಿಯ ಬೇವುಬೆಲ್ಲ ಇನ್ನೂ ನಾಲಿಗೆ ಮೇಲಿರುವಾಗಲೇ ವಾಟ್ಸಾಪಿನಲ್ಲಿ ಮೊದಲ ಪ್ರಶ್ನೆ ಬರುತ್ತದೆ: "ನಾಳೆ ಗುಡ್ಡೆ ಎಷ್ಟೊತ್ತಿಗೆ?" ಗುಡ್ಡೆ ಅಂದರೆ ಕೂಡಿ ತಂದ ಮರಿಯ ಬಾಡನ್ನು ಮನೆಗೊಂದು ರಾಶಿ ಹಾಕಿ ಹಂಚುವುದು. ಎರಡನೇ ಪ್ರಶ್ನೆ ಬರುವುದು ಮರುದಿನ ಬೆಳಿಗ್ಗೆ, ಚೀಲ ಹಿಡಿದು ಬಂದವರ ಬಾಯಲ್ಲಿ: "ಮಿಕ್ಕಿದ್ದು ಎಲ್ಲಿ ಹೋಯ್ತು?" ಮೊದಲನೆಯದಕ್ಕೆ ಉತ್ತರ ಹೇಳಿಬಿಡಬಹುದು. ಎರಡನೆಯದಕ್ಕೆ ಪ್ರತಿ ಹೊಸತೊಡಕಿಗೂ, ಅಂದರೆ ಯುಗಾದಿ ಮರುದಿನದ ಬಾಡೂಟಕ್ಕೂ, ಉತ್ತರ ಹೇಳಿ ಹೇಳಿ, ಲೆಕ್ಕದ ಪುಸ್ತಕ ಹಿಡಿದವರ ಗಂಟಲು ಕಟ್ಟಿದೆ. ಈ ಸಲ ಬರೆದೇ ಇಡುವುದು ವಾಸಿ.

ತೊಡಕಿನ ದಿನ ಮಟನ್ ಅಂಗಡಿ ಮುಂದೆ ಕ್ಯೂ ನಿಂತವರಿಗೆ ಗೊತ್ತು, ಬೆಳಿಗ್ಗೆ ಆರಕ್ಕೆ ಹೋದರೂ ನಮ್ಮ ಮುಂದೆ ನಲವತ್ತು ಜನ, ಸರದಿ ಬರುವಷ್ಟರಲ್ಲಿ ಉಳಿದಿರುವುದು ಕತ್ತು ಮತ್ತು ಕೊಬ್ಬು. 2025ರಲ್ಲಂತೂ ಯುಗಾದಿ ಮಾರ್ಚ್ 30ರ ಭಾನುವಾರ, ತೊಡಕು ಸೋಮವಾರ, ರಂಜಾನೂ ಅದೇ ಸೋಮವಾರ. ಬೇಡಿಕೆ ಎರಡು ಕಡೆಯಿಂದ. ಅದರ ಮೇಲೆ ಸೋಮವಾರ ಬಾಡು ಮುಟ್ಟದವರ ಮನೆಯಲ್ಲಿ ಇವತ್ತೋ ನಾಳೆಯೋ ಎಂಬ ಪಂಚಾಯ್ತಿ. ಇದಕ್ಕೆಲ್ಲ ಮದ್ದೆಂದು ಹತ್ತು ಮನೆಯವರು ಕೂಡಿ ಹಟ್ಟಿಯಿಂದಲೇ ಇಡೀ ಮರಿ ತರುವುದು. ಮನೆಗೆ ತಿಂಗಳಿಗೆ 100 ರೂಪಾಯಿ ಚೀಟಿ, ಹತ್ತೂ ಮನೆ ಸೇರಿ ವರ್ಷಕ್ಕೆ 12,000. ಜೀವ ತೂಕ ಕೆಜಿಗೆ 400 ಅಂತ ಹಿಡಿದರೆ 30 ಕೆಜಿ ಟಗರು. ಇಲ್ಲಿಯ ತನಕ ಎಲ್ಲರಿಗೂ ಲೆಕ್ಕ ಬರುತ್ತದೆ.

ಆರಿಸುವುದು ಹಲ್ಲಿನಿಂದ. ಕುರಿಗೆ ಮುಂದಿನ ಹಲ್ಲು ಇರುವುದು ಕೆಳಗಡೆ ಮಾತ್ರ, ಎಂಟು. ಮೇಲಿನ ವಸಡು ಬೋಳು ಎಂದು ಕಂಡು "ಇದು ಮುದಿ ಕುರಿ" ಎಂದು ಗಾಬರಿಯಾಗುವ ಪೇಟೆಯವರು ಪ್ರತಿ ಸಲ ಒಬ್ಬರಾದರೂ ಸಿಗುತ್ತಾರೆ. ಎಂಟೂ ಸಣ್ಣಗಿದ್ದರೆ ಹಾಲುಹಲ್ಲು, ವರ್ಷದೊಳಗಿನದು. ನಡುವಿನ ಎರಡು ಅಗಲವಾಗಿದ್ದರೆ ಒಂದರಿಂದ ಒಂದೂವರೆ ವರ್ಷ, ಗುಡ್ಡೆಗೆ ಇದೇ ಹದ. ನಾಲ್ಕು ಅಗಲ ಹಲ್ಲಾದರೆ ಎರಡು ವರ್ಷದ ಆಸುಪಾಸು. ಕುಕ್ಕರಿಗೆ ಇನ್ನೆರಡು ವಿಷಲ್ ಸೇರಿಸಿ. ಎಂಟೂ ಬದಲಾಗಿದ್ದರೆ ಬಾಯಿಗೂಡಿದ್ದು, ಅಂದರೆ ಬಲಿತದ್ದು, ಅದನ್ನು ನೆಂಟರು ಬಾರದ ದಿನ ಬೇಯಿಸಿ. ಹಲ್ಲು ನೋಡಿದ ಮೇಲೆ ಸೊಂಟದ ಮೇಲೆ ಅಂಗೈ ಊರಿ ಬೆನ್ನೆಲುಬು ಒತ್ತಿ ನೋಡಬೇಕು. ಮೂಳೆ ಗರಗಸದಂತೆ ಕೈಗೆ ಚುಚ್ಚಿದರೆ ಬಾಡಿಲ್ಲ. ಎಲ್ಲಿದೆ ಅಂತಲೇ ತಿಳಿಯದಿದ್ದರೆ ಬರೀ ಕೊಬ್ಬು. ಇನ್ನು ಮಂಡ್ಯ ಕಡೆಯ ಕಿರುಗಾವಲು, ತೆಂಡೇಕೆರೆ ಸಂತೆಗೆ ಹೋದರೆ, ಮಾರುವವರ ಬಾಯಲ್ಲಿ ಕಣ್ಣಿಗೆ ಬಿದ್ದದ್ದೆಲ್ಲ ರುಚಿಗೆ ಹೆಸರಾದ ಬಂಡೂರು ತಳಿಯ ಮರಿಯೇ. ನಿಜವಾದ ಬಂಡೂರು ಗಿಡ್ಡ ಕಾಲಿನದು, ಪೀಪಾಯಿಯಂಥ ಮೈ, ಹಿಂದಿನಿಂದ ನೋಡಿದರೆ ಎರಡು ತೊಡೆ ನಡುವೆ ಲಾಳ ಕವುಚಿ ಇಟ್ಟಂತೆ ತುಂಬಿಕೊಂಡಿರುತ್ತದೆ. ಉದ್ದ ಕಾಲಿನ ಮರಿಯನ್ನು ಬಂಡೂರು ಅಂದರೆ, ಅದು ಬಂಡೂರಿನ ಬಸ್ಸಿನಲ್ಲಿ ಬಂದದ್ದು ಅಂತ ತಿಳಿಯಿರಿ.

ತೂಕದ್ದೇ ತಾಪತ್ರಯ. ಬೆಳಿಗ್ಗೆ ಮೇಯಿಸಿ ನೀರು ಕುಡಿಸಿ ತಕ್ಕಡಿಗೆ ಹಾಕಿದರೆ ಹುಲ್ಲು, ನೀರಿಗೂ ಕೆಜಿಗೆ 400 ಕೊಟ್ಟಂತೆ. ಹಿಂದಿನ ರಾತ್ರಿಯಿಂದ ಮೇವು ನಿಲ್ಲಿಸಿ, ಬರೀ ನೀರಿಟ್ಟು, ಬೆಳಿಗ್ಗೆ ತೂಕ ಹಾಕುವ ಮಾತಾಗಿರಬೇಕು. ಹೊಟ್ಟೆ ಖಾಲಿ ಇದ್ದರೆ ಕೊಯ್ಯುವವರಿಗೂ ಸಲೀಸು. ತುಂಬಿದ ಜಠರಕ್ಕೆ ಚೂರಿ ತಾಗಿದರೆ ಹಸಿರು ರಸ ಬಾಡಿಗೆಲ್ಲ ಹರಡಿ, ಎಷ್ಟು ತೊಳೆದರೂ ವಾಸನೆ ಹೋಗುವುದಿಲ್ಲ. ಪಿತ್ತದ ಚೀಲವೂ ಹಾಗೆಯೇ. ಲಿವರಿಗೆ ಅಂಟಿಕೊಂಡ ಹಸಿರು ಬುಗ್ಗೆಯನ್ನು ಒಂದಿಷ್ಟು ಲಿವರು ಹೋದರೂ ಪರವಾಗಿಲ್ಲ ಎಂದು ದೂರದಿಂದ ಕತ್ತರಿಸಬೇಕು. ಒಡೆದರೆ ವರ್ಷದ ಕಹಿಯೆಲ್ಲ ಯುಗಾದಿ ಮುಗಿದ ಮೇಲೆ ಮತ್ತೊಮ್ಮೆ.

ಈಗ ಬರುತ್ತಾರೆ ಭಾವ. ನಿಮ್ಮ ಗುಂಪಿನಲ್ಲಿ ಅವರು ಮಾವ ಇರಬಹುದು, ಪಕ್ಕದ ಮನೆ ಅಣ್ಣ ಇರಬಹುದು, ಇಲ್ಲದ ಗುಂಪಿಲ್ಲ. ಹಟ್ಟಿಗೆ ಬಂದವರಲ್ಲ, ಕಾಲು ಹಿಡಿದವರಲ್ಲ, ಬೋಟಿ ತೊಳೆಯುವಾಗ ಫೋನ್ ಎತ್ತಿದವರಲ್ಲ. ಚರ್ಮ ಸುಲಿದು, ಹುಣಸೆ ಕೊರಡಿನ ಮೇಲೆ ಕೊಚ್ಚಿ ಮುಗಿದು, ಟಾರ್ಪಾಲಿನ ಮೇಲೆ ಹತ್ತು ಗುಡ್ಡೆ ಎದ್ದ ಮೇಲೆ, ಇಸ್ತ್ರಿ ಷರಟು ತೊಟ್ಟು, ಜೇಬಿನಲ್ಲಿ ಲಗೇಜು ತೂಗುವ ಕೊಕ್ಕೆ ತಕ್ಕಡಿ ಇಟ್ಟುಕೊಂಡು ಬರುತ್ತಾರೆ.

"ಎಷ್ಟು ಬಿತ್ತಪ್ಪಾ?"

"ಹದಿನಾಲ್ಕು ಕೆಜಿ, ಭಾವ."

"ಅಲ್ಲ ಕಣಯ್ಯ, ಮೂವತ್ತು ಕೆಜಿ ಮರಿ ತಂದು ಹದಿನಾಲ್ಕು ಕೆಜಿ ತೋರುಸ್ತೀಯಲ್ಲ. ಮಿಕ್ಕಿದ್ದ ಮರಿಯೇ ತಿನ್ಕೊಂಡೋಯ್ತಾ?"

ಒಂದರ್ಥದಲ್ಲಿ ಹೌದು ಭಾವ, ಅದು ತಿಂದದ್ದೇ ನಾಲ್ಕು ಕೆಜಿ ಒಳಗಿತ್ತು. ಬರೆದುಕೊಳ್ಳಿ. ಬೋಟಿ, ಜಠರ, ಒಳಗಿನ ಮೇವು ಎಲ್ಲ ಸೇರಿ ಆರೂವರೆ ಕೆಜಿ. ಉಣ್ಣೆ ಸಮೇತ ಚರ್ಮ ಮೂರು. ತಲೆ ಎರಡು. ಕಾಲುಗಳು ನಾಲ್ಕೂ ಸೇರಿ ಮುಕ್ಕಾಲು. ರಕ್ತ ಒಂದೂಕಾಲು. ಲಿವರು ಅರ್ಧ. ಗುಂಡಿಗೆ, ಶ್ವಾಸಕೋಶ ಮುಕ್ಕಾಲು. ಬಾಡು ಹದಿನಾಲ್ಕು. ಒಟ್ಟು ಇಪ್ಪತ್ತೆಂಟು ಮುಕ್ಕಾಲು. ಉಳಿದ ಒಂದೂಕಾಲು ಒಳಗಿನ ಕೊಬ್ಬು, ಮೂತ್ರಚೀಲ, ನೆಲಕ್ಕೆ ಸುರಿದದ್ದು. ನಾಟಿ ಕುರಿ ನೂರು ಕೆಜಿಗೆ ನಲವತ್ತೈದರಿಂದ ಐವತ್ತು ಕೆಜಿ ಬಾಡು ಬಿಟ್ಟರೆ ಅದು ಒಳ್ಳೆಯ ಮರಿ.

ಭಾವ ತಲೆಯಾಡಿಸುತ್ತಾರೆ. ಒಪ್ಪಿದರು ಅಂದುಕೊಳ್ಳಬೇಡಿ, ಅವರ ಕಣ್ಣು ಆಗಲೇ ಗುಡ್ಡೆಗಳ ಮೇಲಿದೆ. ಒಂದು ಕಡ್ಡಿ ಎತ್ತಿಕೊಂಡು, ಪೊಲೀಸರು ಸ್ಥಳ ಮಹಜರು ಮಾಡುವಂತೆ, ಒಂದೊಂದು ಗುಡ್ಡೆಯನ್ನೂ ಕೆದಕುತ್ತಾರೆ. "ಇದ್ರಲ್ಲಿ ನಲ್ಲಿ ಮೂಳೆ ಇಲ್ಲ." ಇಲ್ಲ ಭಾವ. ಒಂದು ಕುರಿಗೆ ಮಜ್ಜೆ ತುಂಬಿದ ದೊಡ್ಡ ನಲ್ಲಿ ಎಂಟು. ಹಿಂಗಾಲಿಗೆ ಎರಡೆರಡು, ಮುಂಗಾಲಿಗೆ ಎರಡೆರಡು. ನಾವು ಹತ್ತು ಮನೆ. ಐದು ಕಾಲಿನ ಕುರಿ ಯಾವ ಹಟ್ಟಿಯಲ್ಲೂ ಸಿಗಲಿಲ್ಲ. "ಲಿವರು ಇಷ್ಟೇನಾ?" ಅರ್ಧ ಕೆಜಿಯನ್ನು ಹತ್ತು ಪಾಲು ಮಾಡಿದರೆ ಐವತ್ತು ಗ್ರಾಂ. "ನಂಗೆ ಡಾಕ್ಟ್ರು ಲಿವರ್ ತಿನ್ನು ಅಂದವ್ರೆ." ಇದೇ ಡಾಕ್ಟರು ಹೋದ ವರ್ಷ ಕಾಲು ಸೂಪು ಕುಡಿ ಅಂದಿದ್ದರು, ಅದರ ಹಿಂದಿನ ವರ್ಷ ತಲೆ. ಆ ಡಾಕ್ಟರು ಒಮ್ಮೆಯೂ ಕತ್ತಿನ ಮೂಳೆ ಬರೆದುಕೊಟ್ಟಿಲ್ಲ.

ಗುಡ್ಡೆ ಹಾಕುವ ಕ್ರಮಕ್ಕೆ ಕಾರಣ ಇಂಥ ಭಾವಂದಿರೇ. ತೊಡೆ ಕೊಚ್ಚಿದರೆ ಅದನ್ನು ಹತ್ತಕ್ಕೂ ಹಂಚಿ ಮುಗಿಸಿದ ಮೇಲೆಯೇ ಕೈ ಬಾಡು, ಆಮೇಲೆ ಪಕ್ಕೆ, ಸೊಂಟ, ಕತ್ತು, ಕೊನೆಗೆ ಲಿವರು. ಎಲ್ಲ ಒಟ್ಟಿಗೆ ಕೊಚ್ಚಿ ತೂಗಿ ಹಾಕಿದರೆ ತೂಕ ಸಮ ಬರುತ್ತದೆ, ಮನಸ್ಸು ಸಮ ಬರುವುದಿಲ್ಲ, 1.4 ಕೆಜಿಯಲ್ಲಿ ಕಾಲು ಪಾಲು ಹೇಗೂ ಮೂಳೆ, ಅದು ಒಬ್ಬರಿಗೇ ಬಿದ್ದರೆ ಮುಂದಿನ ವರ್ಷ ಒಂಬತ್ತೇ ಮನೆ. ಆಮೇಲೆ ಪ್ರತಿಯೊಬ್ಬರೂ ಒಂದು ಗುರುತು ಕೊಡುವುದು: ಬೀಗದ ಕೈ, ಬೆಂಕಿಪೊಟ್ಟಣ, ಮಾವಿನೆಲೆ. ಬೆನ್ನು ತಿರುಗಿಸಿ ನಿಲ್ಲಿಸಿದ್ದ ಮಗು ಬಂದು ಒಂದೊಂದರ ಮೇಲೂ ಒಂದೊಂದು ಇಡುತ್ತದೆ. ಭಾವ ಮಗುವಿಗೆ ಚಾಕ್ಲೇಟು ಕೊಡುವುದನ್ನು ತಡೆಯಲು ಒಬ್ಬರನ್ನು ನೇಮಿಸಿ.

ತಲೆ, ಕಾಲು, ಬೋಟಿ ಹರಾಜಿಗೆ. ಬೋಟಿ ಕೂಗಿದವರಿಗೊಂದು ಮಾತು: ಜಠರದ ಕಪ್ಪು ಪೊರೆ ಬಿಡಿಸಲು ನೀರು ಕೈ ಸುಡುವಷ್ಟು ಬಿಸಿ ಸಾಕು, ಕುದಿಯಬಾರದು. ಕುದಿಯುವ ನೀರಿಗೆ ಹಾಕಿದರೆ ಪೊರೆ ಕಚ್ಚಿಕೊಂಡು, ಚಮಚದಲ್ಲಿ ಕೆರೆದು ಕೆರೆದು ಸಂಜೆಯಾಗುತ್ತದೆ. ಹರಾಜಿನಿಂದ 1,200 ಬಂತು, ಕೊಯ್ದವರಿಗೆ 600 ಹೋಯಿತು. ನಿವ್ವಳ ಖರ್ಚು 11,400, ಹದಿನಾಲ್ಕರಿಂದ ಭಾಗಿಸಿದರೆ ಕೆಜಿಗೆ 814. ಅಂಗಡಿಯಲ್ಲಿ 800 ಇದ್ದಿದ್ದರೆ, ವರ್ಷವಿಡೀ ಚೀಟಿ ಕಟ್ಟಿ ನಾವು ಉಳಿಸಿದ್ದು ಕೆಜಿಗೆ ಮೈನಸ್ ಹದಿನಾಲ್ಕು ರೂಪಾಯಿ. ಗೂಡ್ಸ್ ಆಟೋ ಬಾಡಿಗೆ ಬೇರೆ. ಇದನ್ನು ಮಾತ್ರ ಭಾವನ ಮುಂದೆ ಓದಬೇಡಿ.

ಮೊದಲೆಲ್ಲ ತಕ್ಕಡಿಯೇ ಇರುತ್ತಿರಲಿಲ್ಲ. ಕುರಿಯವನು ಮರಿಯನ್ನು ಎರಡೂ ಕೈಯಲ್ಲಿ ಎತ್ತಿ ಇಳಿಸಿ, ಟವೆಲ್ಲಿನ ಅಡಿ ಬೆರಳು ಹಿಡಿದು ರೇಟು ಹೇಳುತ್ತಿದ್ದ. ಗುಡ್ಡೆ ಎದ್ದ ಮೇಲೆ ಹತ್ತರಿಂದಲೂ ಒಂದೊಂದು ತುಂಡೆತ್ತಿ, ಚೀಟಿ ಕಟ್ಟಲಾಗದ ಮನೆಯೊಂದಕ್ಕೆ ಮುತ್ತುಗದೆಲೆಯಲ್ಲಿ ಸುತ್ತಿ ಕಳಿಸುತ್ತಿದ್ದರು. ಆ ಹನ್ನೊಂದನೇ ಪಾಲನ್ನು ಯಾರೂ ತೂಗುತ್ತಿರಲಿಲ್ಲ.

ಮನೆಗೆ ಹೋದವರು ಮಾಡುವ ತಪ್ಪು ಇನ್ನೊಂದಿದೆ. ಬಿಸಿಯಾರದ ಬಾಡನ್ನು ಕವರಿಗೆ ತುರುಕಿ ನೇರ ಫ್ರೀಜರಿಗೆ. ಕೊಯ್ದ ಕೆಲವು ಗಂಟೆಯಲ್ಲಿ ಬಾಡು ಸೆಟೆಯುತ್ತದೆ, ಆಮೇಲೆ ನಿಧಾನಕ್ಕೆ ಸಡಿಲವಾಗುತ್ತದೆ. ಸೆಟೆದು ಮುಗಿಯುವ ಮುಂಚೆಯೇ ಮಂಜುಗಡ್ಡೆ ಮಾಡಿದರೆ ಕರಗಿದಾಗ ಎಳೆದುಕೊಂಡು ರಬ್ಬರಾಗುತ್ತದೆ. ಒಂದೋ ತಂದ ತಕ್ಷಣ ಒಲೆಗಿಡಿ, ಇಲ್ಲ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ಹರಡಿ ಒಂದು ದಿನ ಇಟ್ಟು, ಅರ್ಧರ್ಧ ಕೆಜಿ ಚಪ್ಪಟೆ ಪೊಟ್ಟಣ ಮಾಡಿ ಫ್ರೀಜರಿಗೆ ಹಾಕಿ.

ಮಧ್ಯಾಹ್ನ ಒಂದೂವರೆಗೆ, ಮುದ್ದೆ ತಟ್ಟೆಗೆ ಬಿದ್ದ ಕ್ಷಣಕ್ಕೆ ಸರಿಯಾಗಿ, ಭಾವನ ಫೋನು. ಬಾಡು ಬೆಂದಾಗ ನೀರು ಬಿಟ್ಟು ತೂಕದಲ್ಲಿ ಮೂರನೇ ಒಂದು ಪಾಲು ಇಳಿಯುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

"ಲೋ, ಹಸೀದು ಒಂದು ಕೆಜಿ ನಾನೂರು ಗ್ರಾಂ ಇತ್ತು, ನಾನೇ ತೂಗಿದ್ದೀನಿ. ಈಗ ತುಂಡು ಎತ್ತಿ ತೂಗುದ್ರೆ ಒಂದು ಕೆಜೀನೂ ಇಲ್ವಲ್ಲಯ್ಯ. ನಿಜ ಹೇಳು, ನಮ್ಮನೆ ಕುಕ್ಕರಿಗೂ ನಿಂಗೂ ಏನು ಒಪ್ಪಂದ?"