ಸ್ಪಷ್ಟನೆ: ಸ್ಯಾಕ್ರಮೆಂಟೊ ನೆಲದೊಳಗೆ ಹೂತುಹೋದ ಊರಲ್ಲ

ಕ್ಯಾಲಿಫೋರ್ನಿಯಾದ ರಾಜಧಾನಿ ಸ್ಯಾಕ್ರಮೆಂಟೊ ಪ್ರವಾಹದಲ್ಲಿ ಕುಸಿದು ಹೂತುಹೋಯಿತು, ಈಗಿನ ನಗರ ಅದರ ತಲೆಯ ಮೇಲೆ ಕಟ್ಟಿದ್ದು ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು. ಅಲ್ಲಿ ಊರು ಇಳಿಯಲಿಲ್ಲ, ರಸ್ತೆ ಏರಿತು.

1854ರಲ್ಲಿ ರಾಜಧಾನಿಯಾದ ಈ ಊರು ಎರಡು ನದಿಗಳು ಕೂಡುವ ತಗ್ಗಿನಲ್ಲಿದೆ. 1861–62ರ ಪ್ರವಾಹ ಎಷ್ಟಿತ್ತೆಂದರೆ, ಗವರ್ನರ್ ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್ ಪ್ರಮಾಣವಚನಕ್ಕೆ ದೋಣಿಯಲ್ಲಿ ಹೋಗಬೇಕಾಯಿತು. ಶಾಸನಸಭೆ ಕೆಲಕಾಲ ಸ್ಯಾನ್ ಫ್ರಾನ್ಸಿಸ್ಕೊಗೆ ಗಂಟುಮೂಟೆ ಕಟ್ಟಿತು.

ಆಮೇಲೆ ಶುರುವಾದದ್ದು ವರ್ಷಗಟ್ಟಲೆ ನಡೆದ ಮಣ್ಣಿನ ಕೆಲಸ. ರಸ್ತೆಯ ಎರಡೂ ಅಂಚಿಗೆ ಇಟ್ಟಿಗೆಯ ತಡೆಗೋಡೆ ಕಟ್ಟಿ, ನಡುವೆ ಮಣ್ಣು ತುಂಬಿ, ಮೇಲೆ ಹಾಸು ಹಾಕಿದರು. ಹೊಸ ರಸ್ತೆಯ ಮಟ್ಟಕ್ಕೆ ಕಟ್ಟಡ ಎತ್ತುವ ಖರ್ಚು ಮಾತ್ರ ಮಾಲೀಕನದು. ದುಡ್ಡಿದ್ದವರು ಬುಡಕ್ಕೆ ಸ್ಕ್ರೂ ಜ್ಯಾಕ್ (ತಿರುಗಿಸಿದರೆ ಭಾರ ಮೇಲೆತ್ತುವ ಸಾಧನ) ಸಾಲಾಗಿಟ್ಟು, ಎಲ್ಲವನ್ನೂ ಒಟ್ಟಿಗೆ ಚೂರುಚೂರೇ ತಿರುಗಿಸಿದರು. ಒಂದು ಮೂಲೆ ಮುಂದಾದರೂ ಗೋಡೆ ಬಿರುಕು ಬಿಡುತ್ತದಲ್ಲ! ಉಳಿದವರು ನೆಲಮಹಡಿಯನ್ನೇ ನೆಲಮಾಳಿಗೆಯಾಗಿ ಬಿಟ್ಟು, ಮೇಲಿನ ಮಹಡಿಗೆ ಬಾಗಿಲು ಕೊರೆದರು.

ತಡೆಗೋಡೆಗೂ ಅಂಗಡಿಯ ಮುಂಗೋಡೆಗೂ ನಡುವಿನ ಸಂದಿಗೆ ಮಣ್ಣು ತುಂಬದೆ ಮೇಲೆ ಕಾಲುದಾರಿ ಹಾಸಿದ್ದರಿಂದ ಕೆಳಗೆ ಟೊಳ್ಳು ಉಳಿಯಿತು. ಇಂದು ಪ್ರವಾಸಿಗರಿಗೆ ತೋರಿಸುವ ‘ಭೂಗತ ನಗರ’ ಇದೇ ಟೊಳ್ಳು ಮತ್ತು ಆ ನೆಲಮಾಳಿಗೆಗಳು.